ಮಾನದಂಡ ಇಲ್ಲವೆಂಬ ಆಕ್ಷೇಪಕ್ಕೆ

ಸಮೂಹದ ಇಮೇಲಿಗೂ ಹಂಚಿಕೊಂಡು ಬಳಸುವ ಕ್ಯಾಲೆಂಡರಿಗೂ ಮುಕ್ತ ಮಾನದಂಡಗಳೇ ಇಲ್ಲವಾದುದರಿಂದ ಒಂದೇ ಕಂಪನಿಯ ಸರ್ವರನ್ನು ಆಶ್ರಯಿಸುವುದು ಅನಿವಾರ್ಯವೆಂದು ಕಳೆದ ಸಂಚಿಕೆಯ ಲೇಖಕರು ಪ್ರತಿಪಾದಿಸಿರುವುದನ್ನು ನಾನು ಒಪ್ಪಲಾರೆನು. ಅಂಚೆಯನ್ನು ಸಾಗಿಸುವ ಎಸ್‌ಎಂಟಿಪಿ ನಿಯಮವು 1982ರಲ್ಲಿಯೇ ಪ್ರಕಟವಾಯಿತು. ಸಭೆ ಸಮಾರಂಭಗಳ ವಿವರವನ್ನು ಬರೆದಿಡುವ ಐಕ್ಯಾಲೆಂಡರ್ ಎಂಬ ಕಡತದ ಮಾದರಿಯು 1998ರಲ್ಲಿ ಬಂದಿತು. ಅಂಥ ಕಡತವೊಂದನ್ನು ಸಾಧಾರಣ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದರೆ, ‘ಡಿಟಿಸ್ಟಾರ್ಟ್’ ಎಂದು ಮೊದಲಾಗುವ ಸಾಲಿನಲ್ಲಿ ಸಭೆಯ ಆರಂಭಕಾಲವೂ, ‘ಆರ್‌ರೂಲ್’ ಎಂಬಲ್ಲಿ ಅದು ವಾರವಾರವೂ ಮರಳುವ ಕ್ರಮವೂ ಯಾರಾದರೂ ಓದಬಹುದಾದಂತೆ ಸ್ಪಷ್ಟವಾಗಿರುತ್ತವೆ. ಸರ್ವರಿನಲ್ಲಿರುವ ಕ್ಯಾಲೆಂಡರನ್ನು ಹಲವರು ಕೂಡಿ ಬಳಸುವುದಕ್ಕೆ ಆಧಾರವಾದ ಕ್ಯಾಲ್‌ಡ್ಯಾವ್ 2007ರಲ್ಲಿ ಪ್ರಕಟವಾದರೂ, ಆಮಂತ್ರಣವನ್ನು ಕಳುಹಿಸಿ ಉತ್ತರವನ್ನು ಪಡೆಯುವ ಕಾರ್ಯವನ್ನು ಸರ್ವರಿಗೇ ವಹಿಸುವ ಅದರ ವಿಸ್ತರಣವು 2012ರವರೆಗೆ ಪ್ರಮಾಣೀಕೃತವಾಗಲಿಲ್ಲವೆಂಬುದು ದಿಟ. ಆ ವಿಳಂಬಕ್ಕೆ ಸಮರ್ಥನೆಯಿಲ್ಲ, ಅದರ ಲಾಭ ಮೈಕ್ರೋಸಾಫ್ಟ್ ಕಂಪನಿಯ ಸರ್ವರ್ ಆದ ಎಕ್ಸ್‌ಚೇಂಜಿಗೆ ಸಂದಿತು. ಆದರೆ ಇಷ್ಟು ವರ್ಷಗಳ ತರುವಾಯವೂ ಎಕ್ಸ್‌ಚೇಂಜು ಸ್ವತಃ ಕ್ಯಾಲ್‌ಡ್ಯಾವನ್ನು ಅಂಗೀಕರಿಸದಿರುವುದಕ್ಕೆ ಹೊಣೆ ಆ ಕಂಪನಿಯದೇ. ಸಾರ್ವಜನಿಕರ ಹಣದಿಂದ ಸರ್ವರು ಕೊಳ್ಳುವ ಸಂಸ್ಥೆಗಳು ಟೆಂಡರಿನಲ್ಲಿಯೇ ಈ ನಿಯಮಗಳ ಪಾಲನೆಯನ್ನು ಕಡ್ಡಾಯ ಷರತ್ತಾಗಿ ಬರೆಯತಕ್ಕದ್ದು. ಲೇಖಕರಂಥ ಅನುಭವಸ್ಥರು ಒತ್ತಾಯಿಸಬೇಕಾದುದು ಇದನ್ನೇ.