ಅಡುಗೆಮನೆಯನ್ನೂ ನೋಡೋಣ

ಪುಣೆಯ ನಮ್ಮ ಪುಟ್ಟ ಕನ್ನಡ ಸಂಘದ ಹೊಸ ವೆಬ್‌ಸೈಟಿಗೆ 1,80,000 ರೂಪಾಯಿ ಬಿಲ್ ಬಂತು. ಯಾವ ತಂತ್ರಾಂಶದಲ್ಲಿ ಕಟ್ಟಿದ್ದೀರಿ ಎಂದು ಸಮಿತಿಯಲ್ಲಿ ಕೇಳಿದೆ. “ಎಲ್ಲಾ ನಾವೇ ಬರೆದ ಕೋಡ್ ಸಾರ್” ಎಂದರು ಕಟ್ಟಿದವರು. “ಊಟ ರುಚಿಯಾಗಿದ್ದರೆ ಸಾಕಲ್ವಾ, ಅಡುಗೆಮನೆ ಯಾಕೆ ಇಣುಕ್ತೀರಿ?” ಎಂದರು ನಮ್ಮ ಕಾರ್ಯದರ್ಶಿಗಳು. ಎಲ್ಲರೂ ನಕ್ಕರು. ನನ್ನ ತಕರಾರು ಆ ನಗುವಿನ ಬಗ್ಗೆಯೇ. ನಾವು ಉಂಡು ಎದ್ದು ಬರುವ ಗಿರಾಕಿಗಳಲ್ಲ, ಆ ಅಡುಗೆಮನೆಯನ್ನೇ ಕೊಂಡವರು.

ಅಂದು ರಾತ್ರಿ ಪುಟ ತೆರೆದು ಕಂಟ್ರೋಲ್ ಜೊತೆ ಯು ಒತ್ತಿದೆ. ಪುಟದ ಮೂಲ ಬಿಚ್ಚಿಕೊಂಡಿತು. ಇದೇನು ಕಳ್ಳತನವಲ್ಲ, ಸರ್ವರ್ ತಾನಾಗಿ ಎಲ್ಲ ಬ್ರೌಸರಿಗೂ ಕಳಿಸುವ ಪಠ್ಯವೇ ಅದು. ಚಿತ್ರಗಳ ವಿಳಾಸದಲ್ಲೆಲ್ಲ ‘ಡಬ್ಲ್ಯುಪಿ-ಕಂಟೆಂಟ್’ ಎಂದಿತ್ತು. ಅದು ವರ್ಡ್‌ಪ್ರೆಸ್ಸಿನ ಗುರುತು. ಇನ್ನೊಂದು ಸಾಲಿನಲ್ಲಿ ‘ಥೀಮ್ಸ್’, ಅದರ ಮಗ್ಗುಲಲ್ಲೇ ಅಂತರ್ಜಾಲದಲ್ಲಿ ಯಾರಿಗೂ ಸಿಗುವ ಒಂದು ಸಿದ್ಧ ವಿನ್ಯಾಸದ ಹೆಸರು.

ವರ್ಡ್‌ಪ್ರೆಸ್ ಕೀಳೆಂದು ನಾನು ಹೇಳುತ್ತಿಲ್ಲ. ಬಿ2 ಎಂಬ ತಂತ್ರಾಂಶದ ಕವಲಾಗಿ 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಶುರುಮಾಡಿದ್ದು ಅದು. ಜಿಪಿಎಲ್ ಪರವಾನಗಿಯಲ್ಲಿರುವುದರಿಂದ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. ಜಗತ್ತಿನ ವೆಬ್‌ಸೈಟುಗಳಲ್ಲಿ ಶೇ. 40ಕ್ಕೂ ಹೆಚ್ಚು ಅದರ ಮೇಲೆ ನಿಂತಿವೆ. ಜೋಡಿಸಿಕೊಟ್ಟಿದ್ದಕ್ಕೆ ಕೂಲಿ ಕೇಳಲಿ, ಕೊಡೋಣ. ಬರೆಯದ್ದನ್ನು ಬರೆದೆವೆಂದು ಕೂಲಿ ಕೇಳಿದರೆ ಅದಕ್ಕೆ ಬೇರೆ ಹೆಸರಿದೆ.

ಹೇಳಿದಾಗ ಮಾತು ಬದಲಾಯಿತು: “ಸುರಕ್ಷತೆಗೋಸ್ಕರ ಹೇಳಲಿಲ್ಲ. ‘ಜನರೇಟರ್’ ಟ್ಯಾಗನ್ನೂ ಅಳಿಸಿದ್ದೇವೆ.” ತಂತ್ರಾಂಶದ ಹೆಸರು, ಆವೃತ್ತಿ ಸಾರುವ ಆ ಒಂದು ಸಾಲನ್ನು ಅಳಿಸಿದರೆ ಏನಾಯಿತು? ಕಡತಗಳ ವಿಳಾಸ ಹೇಳುತ್ತದೆ, ಲಾಗಿನ್ ಪುಟ ಹೇಳುತ್ತದೆ, ವ್ಯಾಪಲೈಸರ್‌ನಂಥ ಸಲಕರಣೆ ಕ್ಷಣದಲ್ಲಿ ಹೇಳುತ್ತದೆ. ದಾಳಿ ಮಾಡುವ ಬಾಟ್‌ಗಳು ಹೆಸರು ಕೇಳಿಕೊಂಡು ಬರುವುದಿಲ್ಲ. ಸಿಕ್ಕ ಸೈಟುಗಳಲ್ಲೆಲ್ಲ ವರ್ಡ್‌ಪ್ರೆಸ್ಸಿನ ಲಾಗಿನ್ ಬಾಗಿಲು ತಟ್ಟುತ್ತ ಹೋಗುತ್ತವೆ. ಅಪ್‌ಡೇಟ್ ಕಾಣದ ಹಳೆಯ ಪ್ಲಗಿನ್‌ನಿಂದ ಅಪಾಯವೇ ಹೊರತು ಹೆಸರಿನಿಂದಲ್ಲ. ಗುಟ್ಟು ಉಳಿದದ್ದು ದುಡ್ಡು ಕೊಟ್ಟವರಿಗೆ ಮಾತ್ರ.

(ಗುರುತು ಸಿಗದಿದ್ದರೆ ಕೈಯಾರೆ ಬರೆದದ್ದೇ ಎಂದೂ ತಿಳಿಯಬೇಡಿ. ಹಾದಿಗಳ ಹೆಸರು ಬದಲಿಸಿ ಮರೆಮಾಚಬಹುದು.)

ಹೆಸರು ಗೊತ್ತಿದ್ದರೆ ಆಗುವ ಲಾಭ ದೊಡ್ಡದು. ನಮ್ಮ ಇಪ್ಪತ್ತೆರಡು ವರ್ಷದ ಸ್ಮರಣ ಸಂಚಿಕೆಗಳು ಆ ಸೈಟಿನಲ್ಲಿವೆ. ಕೆಲವು ಕಾಗದದ ಮೇಲೆ ಈಗ ಯಾರ ಮನೆಯಲ್ಲೂ ಇಲ್ಲ. ವರ್ಡ್‌ಪ್ರೆಸ್ ಆದರೆ ಬರಹವನ್ನೆಲ್ಲ ಹೊರತೆಗೆದು, ಚಿತ್ರಗಳನ್ನೂ ಎತ್ತಿಕೊಂಡು ಬೇರೆ ಸರ್ವರಿಗೆ ಹೋಗಬಹುದು. ಅದೇ ವಿಕ್ಸ್ ಆಗಿದ್ದರೆ ಕಟ್ಟಿದ ಸೈಟನ್ನು ಹಾಗೆಯೇ ಹೊರಗೆ ಒಯ್ಯಲು ಬರುವುದಿಲ್ಲ. ಕರಾರಿಗೆ ಸಹಿ ಹಾಕುವ ಮೊದಲು ತಿಳಿಯಬೇಕಾದ ಸಂಗತಿ ಇದು, ಕಟ್ಟಿದವರು ಫೋನ್ ಎತ್ತದಾದ ಮೇಲಲ್ಲ.

ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ನಿಮ್ಮ ಸಂಘಕ್ಕೂ ಒಂದು ಸೈಟು ಇದ್ದೀತು. ಇವತ್ತೇ ಅದರ ಮೂಲ ತೆರೆದು ನೋಡಿ. ನಾವು ತಂತ್ರಾಂಶದ ಹೆಸರನ್ನು ಬರವಣಿಗೆಯಲ್ಲಿ, ಅಡ್ಮಿನ್ ಪಾಸ್‌ವರ್ಡನ್ನು ಕೈಯಲ್ಲಿ, ಡೊಮೇನನ್ನು ಸಂಘದ ಹೆಸರಿನಲ್ಲಿ ಕೇಳಿದ್ದೇವೆ. ಕಡೆಯ ಕಂತಿನ ಚೆಕ್ ಇನ್ನೂ ಖಜಾಂಚಿಗಳ ಬಳಿಯೇ ಇದೆ.