ಆಫೀಸು ಯಾರ ತವರೂ ಅಲ್ಲ

"ನಮ್ಮಲ್ಲಿ ಮೇಲಿನವರು, ಕೆಳಗಿನವರು ಅಂತೆಲ್ಲ ಇಲ್ಲಮ್ಮ. ನಾವೆಲ್ಲ ಒಂದೇ ಮನೆಯವರ ಹಾಗೆ."

ಖಾಸಗಿ ಕಂಪನಿಗೆ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳಲ್ಲಿ ಈ ಮಾತು ಕೇಳದವರು ಕಡಿಮೆ. ಕೇಳಿದ ಅಪ್ಪ ಅಮ್ಮನಿಗೂ ಸಮಾಧಾನ, ಮಗಳು ಒಳ್ಳೆಯ ಜಾಗಕ್ಕೇ ಸೇರಿದಳು ಎಂದು. ನನಗೆ ಮಾತ್ರ ಈಗ ಈ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು, ಎಲ್ಲರದೂ ಆದ ಮೇಲೆ ಊಟಕ್ಕೆ ಕೂರುವವರು ಯಾರು, ಯಾರ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಆಫೀಸನ್ನು ಮನೆ ಎಂದು ಕರೆದ ಕೂಡಲೇ ಅಲ್ಲೊಬ್ಬ ಯಜಮಾನ ಹುಟ್ಟುತ್ತಾನೆ. ನಾವು ಸೊಸೆಯರಾಗುತ್ತೇವೆ.

2006ರಿಂದ 2015ರವರೆಗೆ ಬೆಂಗಳೂರಿನ ಒಂದು ಕಂಪನಿಯ ಮಾರ್ಕೆಟಿಂಗ್ ವಿಭಾಗದಲ್ಲಿ ದುಡಿದವಳು ನಾನು. ಹೆಸರು ಬೇಡ, ಅದೊಂದರ ಕಥೆಯಷ್ಟೇ ಇದಲ್ಲ. ಸಾಂಬಾರು ಪುಡಿ, ರಸಂ ಪುಡಿ, ಉಪ್ಪಿನಕಾಯಿ ಮಾರುವ ಕಂಪನಿ. ವಿಭಾಗದಲ್ಲಿ ಹದಿನೆಂಟು ಜನ, ಅವರಲ್ಲಿ ನಾವು ಮೂವರು ಹೆಂಗಸರು. ಒಂದು ಪಾವು ಬೇಳೆಗೆ ಎಷ್ಟು ಚಮಚ ಪುಡಿ ಬೇಕೆಂದು ತಿಳಿಯದ ಗಂಡಸರು, ಅದನ್ನು ಕೊಳ್ಳುವ ಹೆಂಗಸಿನ ಮನಸ್ಸಿನಲ್ಲಿ ಏನಿದೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದೆಳೆದು ಚರ್ಚೆ ಮಾಡುತ್ತಿದ್ದರು. ನಾವು ಮೂವರು ಅಲ್ಲೇ ಕೂತಿರುತ್ತಿದ್ದೆವು. ನಮ್ಮನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಕಾಫಿ ಹೇಳಿದ್ರಾ ಮೇಡಂ?"

ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಸರ್ಫ್ ಜಾಹೀರಾತಿನ ಲಲಿತಾಜಿ ನಿಮಗೆ ನೆನಪಿರಬಹುದು. ತರಕಾರಿಯಿಂದ ಸೋಪಿನ ಪುಡಿಯವರೆಗೆ ಅಳೆದು ತೂಗಿ ಕೊಳ್ಳುವ ಗಟ್ಟಿ ಹೆಣ್ಣುಮಗಳು. ನಮ್ಮ ಮೇಲಧಿಕಾರಿ ಪ್ರತಿ ಹೊಸ ತಂಡಕ್ಕೂ ಆಕೆಯ ಉದಾಹರಣೆ ಕೊಡುತ್ತಿದ್ದರು. ಹೆಂಗಸು ಗಿರಾಕಿಯಾಗಿ ಲೆಕ್ಕ ಹಾಕಿದರೆ ಜಾಣೆ. ಅದೇ ಹೆಂಗಸು ನೌಕರಳಾಗಿ ತನ್ನ ಸಂಬಳದ ಲೆಕ್ಕ ಕೇಳಿದರೆ? "ಬಹಳ ಜೋರು!"

2009ರಲ್ಲಿ ನಮ್ಮ ಹೊಸ ರಸಂ ಪುಡಿ ಓಡಲಿಲ್ಲ. ಕಾರಣ ಹುಡುಕಲು ನಾನು ರಾಜಾಜಿನಗರ, ಮಲ್ಲೇಶ್ವರ, ಬಸವನಗುಡಿಗಳಲ್ಲಿ ಅರವತ್ತು ಮನೆಗಳ ಬಾಗಿಲು ತಟ್ಟಿದೆ. ಅಡುಗೆಮನೆಗೇ ಹೋಗಿ ಕೂತು ಮಾತಾಡಿದೆ. ಪುಡಿಯ ರುಚಿಯ ಬಗ್ಗೆ ಯಾರದೂ ತಕರಾರಿರಲಿಲ್ಲ. ಪೊಟ್ಟಣ ದೊಡ್ಡದಾಯಿತು, ಕತ್ತರಿಸಿದ ಮೇಲೆ ಮುಚ್ಚಲು ಬರುವುದಿಲ್ಲ, ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ, ಇಷ್ಟೇ. ಬರೆದು ಕೊಟ್ಟೆ. ಸಣ್ಣ ಪೊಟ್ಟಣ ಬಂತು, ಮಾಲು ಓಡಿತು. ಆಡಳಿತ ಮಂಡಳಿಯ ಮುಂದೆ ಆ ವರದಿ ಓದಿದವರು ನಮ್ಮ ಮೇಲಧಿಕಾರಿ. ಅದರಲ್ಲಿ ನನ್ನ ಹೆಸರು ಒಂದು ಮೂಲೆಯಲ್ಲೂ ಇರಲಿಲ್ಲ. ಕೇಳಿದ್ದಕ್ಕೆ ನಕ್ಕರು: "ಒಂದೇ ಮನೆಯಲ್ಲಿ ನಿನ್ನದು ನನ್ನದು ಅಂತ ಉಂಟೇನಮ್ಮ?" ಉಂಟು ಸಾರ್. ಇನ್‌ಕ್ರಿಮೆಂಟಿನ ಪಟ್ಟಿಯಲ್ಲಿ ಮಾತ್ರ ನಿಮ್ಮದು ನಿಮ್ಮದೇ, ನಮ್ಮದು ನಮ್ಮದೇ ಆಗಿರುತ್ತಿತ್ತಲ್ಲ!

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಪ್ರೀತಿಯ ಹೆಸರಿನಲ್ಲಿ. ಈ ಕೆಲಸದಲ್ಲಿ ಮೂಲ ಸಂಬಳ ಸಣ್ಣದು. ಕೈಗೆ ನಾಲ್ಕು ಕಾಸು ಹೆಚ್ಚು ಸಿಗುವುದು ಊರೂರು ತಿರುಗಿ, ಸ್ಟಾಕಿಸ್ಟುಗಳನ್ನು ಕಂಡು, ಒಂದು ಏರಿಯಾದ ಟಾರ್ಗೆಟ್ ಮುಟ್ಟಿಸಿದಾಗ. ಬಡ್ತಿಗೂ ಅದೇ ಮೆಟ್ಟಿಲು, ಏರಿಯಾ ನೋಡಿಕೊಂಡವರೇ ಮ್ಯಾನೇಜರ್ ಆಗುವುದು. ನಾನು ರಾಯಚೂರು, ಕೊಪ್ಪಳದ ಕಡೆಯ ಏರಿಯಾ ಕೇಳಿದಾಗ ಬಂದ ಉತ್ತರ: "ನನಗೂ ಮಗಳಿದ್ದಾಳಮ್ಮ. ನಿನ್ನನ್ನು ರಾತ್ರಿ ಬಸ್ಸಿಗೆ ಹತ್ತಿಸಿ ನಾನು ಹೇಗೆ ನಿದ್ದೆ ಮಾಡಲಿ?" ಎಷ್ಟು ಮಮತೆ! ಆ ಮಮತೆಯ ಬೆಲೆಯನ್ನು ಒಂಬತ್ತು ವರ್ಷ ನನ್ನ ಸಂಬಳದಿಂದ ಕಟ್ಟಿದೆ. ನನ್ನ ಜೊತೆ ಸೇರಿದ ಇಬ್ಬರು ಹುಡುಗರು ನಾಲ್ಕೇ ವರ್ಷದಲ್ಲಿ ಏರಿಯಾ ಮ್ಯಾನೇಜರ್‌ಗಳಾದರು. ನಾನು ಅವರ ಟೂರ್ ವರದಿಗಳನ್ನು ಜೋಡಿಸಿ ಫೈಲು ಮಾಡುತ್ತ ಕೂತೆ.

"ಹಾಗಾದರೆ ಹೆಣ್ಣುಮಕ್ಕಳು ಅಪರಾತ್ರಿಯಲ್ಲಿ ಲಾಡ್ಜು ಹುಡುಕುತ್ತ ಅಲೆಯಬೇಕೇ?" ಎಂದು ನಿಮ್ಮಲ್ಲೇ ಕೆಲವರು ಕೇಳಬಹುದು. ಬೇಡ. ಒಳ್ಳೆಯ ಲಾಡ್ಜು, ಹಗಲಿನ ಪ್ರಯಾಣ, ಊರಿನೊಳಗೆ ಓಡಾಡಲು ಗಾಡಿ ಕೊಡುವುದು ಕಂಪನಿಯ ಕೆಲಸ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯ್ದೆ ಓದಿ ನೋಡಿ. ಕೆಲಸದ ಮೇಲೆ ನೌಕರಳು ಹೋಗುವ ಯಾವ ಸ್ಥಳವೂ, ಕಂಪನಿ ಒದಗಿಸಿದ ವಾಹನವೂ ಅದರ ಪ್ರಕಾರ ಕೆಲಸದ ಜಾಗವೇ. ಅಂದರೆ ಸ್ಟಾಕಿಸ್ಟನ ಗೋದಾಮಿನಲ್ಲೂ ನಮ್ಮ ಸುರಕ್ಷತೆಯ ಹೊಣೆ ಕಂಪನಿಯದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ದೂರು ಕೇಳಲು ಒಂದು ಸಮಿತಿ ಇರಬೇಕು. ಅದಕ್ಕೆ ಹಿರಿಯ ಹುದ್ದೆಯ ಹೆಂಗಸೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಂಗಸರು. ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ನಾನು ಬಿಡುವವರೆಗೂ ನಮ್ಮ ಆಫೀಸಿನ ಗೋಡೆಯ ಮೇಲೆ ಇದ್ದದ್ದು ಟಾರ್ಗೆಟ್ ಪಟ್ಟಿ ಮತ್ತು ಲಕ್ಷ್ಮಿಯ ಕ್ಯಾಲೆಂಡರ್. "ಮನೆ ಅಂದಮೇಲೆ ಸಮಿತಿ ಯಾಕಮ್ಮ, ನಾನಿಲ್ಲವಾ?" ಅವರೇ ದೊಡ್ಡ ಮನುಷ್ಯರು, ಅವರೇ ನ್ಯಾಯಾಧೀಶರು. ದೂರು ಅವರ ಮೇಲೇ ಇದ್ದರೆ ಯಾರ ಬಳಿ ಹೋಗಬೇಕು?

2011ರಲ್ಲಿ ನಮ್ಮ ಜೊತೆಯವಳೊಬ್ಬಳು ಬಸುರಿಯಾದಳು. ಆಫೀಸಿನಲ್ಲೇ ಸೀಮಂತ ಮಾಡಿದೆವು. ಮೇಲಧಿಕಾರಿ ತಾವೇ ಸೀರೆ ತಂದು ಕೊಟ್ಟರು, ಕಣ್ಣಲ್ಲಿ ನೀರೂ ತಂದುಕೊಂಡರು. ಹನ್ನೆರಡು ವಾರದ ರಜೆ ಮುಗಿಸಿ ಬಂದಾಗ ಅವಳು ನೋಡಿಕೊಳ್ಳುತ್ತಿದ್ದ ಜಾಹೀರಾತಿನ ಕೆಲಸ ಬೇರೊಬ್ಬನ ಮೇಜಿಗೆ ಹೋಗಿತ್ತು. "ಈಗ ಮಗು ನೋಡ್ಕೋಮ್ಮ, ಇದೆಲ್ಲ ತಲೆನೋವು ಯಾಕೆ?" 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳಿಗೆ ರಜೆ 26 ವಾರಕ್ಕೆ ಏರಿದೆ, ಸಂತೋಷ. ಆದರೆ ರಜೆಯಿಂದ ಬಂದವಳ ಕುರ್ಚಿಯ ಜೊತೆಗೆ ಅವಳ ಕೆಲಸವೂ ಉಳಿಯಬೇಕಲ್ಲ? ಅವಳು ಕೇಳಿದ್ದು ಸೀರೆಯನ್ನಲ್ಲ.

ಗಂಡಸರಿಗೇನು ಸುಖವಿತ್ತು ಎಂದುಕೊಳ್ಳಬೇಡಿ. ತಿಂಗಳ ಕೊನೆಯ ಮೂರು ದಿನ ಸ್ಟಾಕಿಸ್ಟುಗಳ ಗೋದಾಮಿಗೆ ಬೇಡದ ಮಾಲು ತಳ್ಳಿ ಟಾರ್ಗೆಟ್ ಮುಟ್ಟಿದಂತೆ ತೋರಿಸಬೇಕು. ಮುಂದಿನ ತಿಂಗಳು ಅದೇ ಮಾಲು ವಾಪಸು ಬಂದಾಗ ಬೈಗುಳ ತಿನ್ನಬೇಕು. ತಂದೆಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಮಾರ್ಚ್ ಕೊನೆಯ ಮೀಟಿಂಗಿಗೆ ಬಂದ ದಾವಣಗೆರೆಯ ಹುಡುಗನಿಗೆ ಎಲ್ಲರ ಮುಂದೆ ಸಿಕ್ಕಿದ್ದು ಇದು: "ಮನೆಯ ಮರ್ಯಾದೆ ಕಳೆದೆಯಲ್ಲೋ!" ಅಧಿಕಾರಿ ಬೈದರೆ ಎದುರು ಉತ್ತರ ಕೊಡಬಹುದು. ಮನೆಯ ಹಿರಿಯ ಬೈದರೆ ತಲೆ ತಗ್ಗಿಸಬೇಕು. ಕುಟುಂಬದ ಮಾತಿನ ಉಪಯೋಗವೇ ಅದು.

ಬರೀ ಕಾಯ್ದೆ ಕಾನೂನು ಎಂದರೆ ಆಫೀಸು ಒಣಗಿಹೋಗುತ್ತದೆ, ಸ್ವಲ್ಪ ಆತ್ಮೀಯತೆ ಬೇಡವೇ ಎನ್ನುತ್ತಾರೆ. ಬೇಕು. 2015ರಲ್ಲಿ ನಾನು ಸೇರಿದ ಇನ್ನೊಂದು ಕಂಪನಿಯ ಅಧಿಕಾರಿ ಮಾತು ಕಡಿಮೆಯ ಮನುಷ್ಯ. ನನ್ನನ್ನು ಮಗಳೆನ್ನಲಿಲ್ಲ, ತಂಗಿಯೆನ್ನಲಿಲ್ಲ, ಕೊನೆಯವರೆಗೂ 'ನೀವು' ಎಂದೇ ಕರೆದರು. ಯಾರ ವರದಿಯೋ ಅವರೇ ಓದಬೇಕೆಂಬುದು ಅವರ ನಿಯಮ. ಟೂರಿಗೆ ಯಾರು ಹೋದರೂ ಭತ್ಯೆ ಒಂದೇ. ಹೊರಡುವ ಮುನ್ನ ಕೇಳುತ್ತಿದ್ದುದು "ಉಳಿಯುವ ಜಾಗ ಸರಿಯಾಗಿದೆಯಾ?" ಎಂದು ಮಾತ್ರ. ನಾನು ಮೊದಲ ಸಲ ಹುಬ್ಬಳ್ಳಿ ಏರಿಯಾ ನೋಡಿಕೊಂಡದ್ದು ಅವರ ಕೈಕೆಳಗೆ. ಇದಕ್ಕಿಂತ ಬೇರೆ ಆತ್ಮೀಯತೆ ನನಗೆ ಬೇಕಾಗಲಿಲ್ಲ.

ಅಕ್ಕತಂಗಿಯರೇ, ನಿಮ್ಮ ಮಗಳು ನಾಳೆ ಕೆಲಸಕ್ಕೆ ಸೇರಿ "ಅಮ್ಮ, ಅಲ್ಲಿ ಎಲ್ಲರೂ ಒಂದೇ ಮನೆಯವರ ಹಾಗಿದ್ದಾರಂತೆ" ಎಂದರೆ ಹಿಗ್ಗಬೇಡಿ. ನೇಮಕದ ಪತ್ರದಲ್ಲಿ ಹುದ್ದೆ, ಸಂಬಳ, ಬಡ್ತಿಯ ನಿಯಮ ಏನಿದೆ ಎಂದು ಕೇಳಿ. ದೂರಿನ ಸಮಿತಿಯಲ್ಲಿ ಯಾರಿದ್ದಾರೆಂದು ತಿಳಿದು ಬರಲು ಹೇಳಿ. ಆಯುಧಪೂಜೆಯ ದಿನ ರಂಗೋಲಿ ಹಾಕುವುದು ಯಾರು, ಪ್ರತಿ ದಿನ ಕಾಫಿ ಹೇಳುವುದು ಯಾರು ಎಂದು ಒಂದು ತಿಂಗಳು ಸುಮ್ಮನೆ ಗಮನಿಸಲು ಹೇಳಿ. ಪ್ರೀತಿ ಕೊಡಲು ಅವಳಿಗೆ ನೀವಿದ್ದೀರಿ. ಕಂಪನಿ ಅವಳ ಹೆಸರನ್ನು ವರದಿಯ ಮೇಲೆ ಬರೆಯಲಿ, ದುಡಿದದ್ದಕ್ಕೆ ದುಡ್ಡು ಕೊಡಲಿ.