ಅಕ್ಕಿ ಬಂತು, ಗದ್ದೆ ಹೋಯಿತು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಇದು ಬಾಯಿಪಾಠ: ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಎರಡನೆಯದು 2030ರೊಳಗೆ ಹಸಿವು ನಿರ್ಮೂಲನೆ. ಸರಿಯುತ್ತರಕ್ಕೆ ಅಂಕವೂ ಸಿಗುತ್ತದೆ. ಆದರೆ ವಿಶ್ವಸಂಸ್ಥೆಯದೇ ವರದಿಯ ಪ್ರಕಾರ 2023ರಲ್ಲಿ 70 ಕೋಟಿಗೂ ಹೆಚ್ಚು ಜನ ಹಸಿದಿದ್ದರು. ಇಷ್ಟೊಂದು ಸಂಸ್ಥೆ, ಇಷ್ಟೊಂದು ನೆರವು ಇದ್ದೂ ಹೀಗೇಕೆ? ಹೈಟಿ ದೇಶದ ಬಗ್ಗೆ ಓದಿದಾಗ ನನಗೆ ಒಂದು ಉತ್ತರ ಸಿಕ್ಕಿತು.

ಕೆರಿಬಿಯನ್ ಸಮುದ್ರದ ಈ ಪುಟ್ಟ ದೇಶ 1980ರ ದಶಕದ ಆರಂಭದವರೆಗೂ ತಾನು ಉಣ್ಣುವ ಅಕ್ಕಿಯ ಬಹುಪಾಲನ್ನು ತಾನೇ ಬೆಳೆಯುತ್ತಿತ್ತು. ಆರ್ಟಿಬೊನೈಟ್ ಕಣಿವೆ ಅದರ ಭತ್ತದ ಕಣಜ. ಆಮೇಲೆ ಬಂದದ್ದು ಷರತ್ತು: ಸಾಲ, ನೆರವು ಬೇಕಿದ್ದರೆ ಮಾರುಕಟ್ಟೆ ತೆರೆಯಿರಿ. 1990ರ ದಶಕದ ಮಧ್ಯದಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ಅಮೆರಿಕದ ಒತ್ತಡಕ್ಕೆ ಮಣಿದು ಹೈಟಿ ಅಕ್ಕಿಯ ಆಮದು ಸುಂಕವನ್ನು ಶೇ 3ಕ್ಕೆ ಇಳಿಸಿತು. ಸರ್ಕಾರದ ಸಬ್ಸಿಡಿ ಪಡೆದ ಅಮೆರಿಕದ ಅಗ್ಗದ ಅಕ್ಕಿ ಹಡಗಿನಲ್ಲಿ ಬಂದಿಳಿಯಿತು. ಬೆಲೆ ಸಿಗದೆ ಎಷ್ಟೋ ರೈತರು ಗದ್ದೆ ಬಿಟ್ಟು ರಾಜಧಾನಿಯ ಕೊಳೆಗೇರಿ ಸೇರಿದರು. 2008ರಲ್ಲಿ ಜಗತ್ತಿನಾದ್ಯಂತ ಆಹಾರದ ಬೆಲೆ ಏರಿದಾಗ ಆ ಅಕ್ಕಿಯೂ ಕೈಗೆಟುಕಲಿಲ್ಲ. ಜನ ಬೀದಿಗಿಳಿದರು, ಪ್ರಧಾನಿ ಅಧಿಕಾರ ಕಳೆದುಕೊಂಡರು.

2010ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸೆನೆಟ್ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡರು. ತಮ್ಮ ಅರ್ಕಾನ್ಸಸ್ ರಾಜ್ಯದ ಕೆಲವು ರೈತರಿಗೆ ಆ ನೀತಿಯಿಂದ ಒಳ್ಳೆಯದಾಗಿರಬಹುದು, ಹೈಟಿಗೆ ಆಗಲಿಲ್ಲ ಎಂದರು. ಆದರೆ ತಪ್ಪೊಪ್ಪಿಗೆಯಿಂದ ಗದ್ದೆ ಮರಳಿ ಹಸಿರಾಗುವುದಿಲ್ಲ. ಹೈಟಿ ಇಂದಿಗೂ ಹೆಚ್ಚಿನ ಅಕ್ಕಿಯನ್ನು ಹೊರಗಿನಿಂದಲೇ ತರಿಸುತ್ತಿದೆ.

ಅಲ್ಲಿನ ರಾಜಕೀಯ ಅಸ್ಥಿರತೆ, ಮಣ್ಣಿನ ಸವಕಳಿಯೂ ಕಾರಣ ಎನ್ನುವವರಿದ್ದಾರೆ, ನಿಜ. ಬರ, ಭೂಕಂಪ ಬಂದಾಗ ನೆರವಿನ ಧಾನ್ಯ ಬೇಕೇ ಬೇಕು ಎನ್ನುವುದೂ ನಿಜ. 1960ರ ದಶಕದಲ್ಲಿ ಪಿಎಲ್-480 ಯೋಜನೆಯ ಅಮೆರಿಕದ ಗೋಧಿ ತಿಂದವರು ನಾವು ಕೂಡ. ಆದರೆ 1965ರಲ್ಲೇ ಭಾರತೀಯ ಆಹಾರ ನಿಗಮ ಹುಟ್ಟಿತು. ಬೆಂಬಲ ಬೆಲೆ, ಸರ್ಕಾರಿ ಖರೀದಿ, ಹೊಸ ತಳಿಯ ಬೀಜ ನಮ್ಮ ರೈತನ ಬೆನ್ನಿಗೆ ನಿಂತವು. ಹೈಟಿಯ ರೈತನಿಗಿದ್ದ ಸುಂಕದ ರಕ್ಷಣೆಯನ್ನೂ ಕಿತ್ತುಕೊಳ್ಳಲಾಯಿತು.

ಎಂಜಿನಿಯರಿಂಗ್‌ನಲ್ಲಿ ನಾವು ಫೀಡ್‌ಬ್ಯಾಕ್ ಬಗ್ಗೆ ಓದುತ್ತೇವೆ. ಔಟ್‌ಪುಟ್ ತಪ್ಪಿದರೆ ಅದು ಇನ್‌ಪುಟ್‌ಗೆ ಗೊತ್ತಾಗಬೇಕು. ಅಭಿವೃದ್ಧಿ ನೀತಿಯಲ್ಲಿ ಇಲ್ಲದಿರುವುದು ಇದೇ. ವಾಷಿಂಗ್ಟನ್‌ನಲ್ಲಿ ಬರೆದ ನೀತಿ ಸೋತರೆ ಬರೆದವರ ಊಟವೇನೂ ತಪ್ಪುವುದಿಲ್ಲ. ಎಷ್ಟು ಟನ್ ಧಾನ್ಯ ಹಂಚಿದಿರಿ ಎಂದು ಕೇಳಿದರೆ ಸಾಲದು. ನೀವು ಬಂದ ಮೇಲೆ ಅಲ್ಲಿನ ರೈತ ಗದ್ದೆಯಲ್ಲಿ ಉಳಿದನೇ ಎಂದೂ ಕೇಳಬೇಕು. ಈ ಪ್ರಶ್ನೆಗೆ ಅಂಕ ಸಿಗದಿದ್ದರೂ ಚಿಂತೆಯಿಲ್ಲ, ನಾವು ಕೇಳುತ್ತಲೇ ಇರೋಣ.